ಎಲೆ ಗುಡಿಸುವ ಶನಿವಾರ

ಇವತ್ತಿನ ಮಾತು ಮುಖ್ಯವಾಗಿ ನಮ್ಮ ಹೈಸ್ಕೂಲು, ಕಾಲೇಜಿನ ಮಕ್ಕಳಿಗೆ. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತೀರಲ್ಲ, ನಿಮಗೇ. ಬೇಜಾರು ಮಾಡಿಕೊಳ್ಳಬೇಡಿ, ನನ್ನ ಮನೆಯಲ್ಲೂ ಅದೇ ಕಥೆ. ಆದಷ್ಟು ಸರಳವಾಗಿ ಮಾತಾಡುತ್ತೇನೆ. ಗೊತ್ತಾಗದ ಪದ ಬಂದರೆ ಪಕ್ಕದಲ್ಲಿರುವ ಅಮ್ಮನನ್ನು ಕೇಳಿ, ಅವರಿಗೂ ಖುಷಿಯಾಗುತ್ತದೆ.

ನಾನಿರುವುದು ನ್ಯೂಜೆರ್ಸಿಯ ಒಂದು ಸಣ್ಣ ಊರಿನಲ್ಲಿ. ಹುಟ್ಟಿ ಬೆಳೆದದ್ದು ಉಡುಪಿ ಕಡೆ. ಇಲ್ಲಿ ನಮ್ಮ ಚರ್ಚಿನ ಯುವಜನರ ಗುಂಪಿನ ಹಿಂದೆ ನಿಲ್ಲುವ ನಾಲ್ಕೈದು ದೊಡ್ಡವರಲ್ಲಿ ನಾನೂ ಒಬ್ಬಳು. ಎಲ್ಲ ಮಕ್ಕಳಿಗೂ ನಾನು ‘ಆಂಟಿ’. ಗುಂಪಿನಲ್ಲಿ ಕನ್ನಡದವರು, ಮಲಯಾಳಿಗಳು, ತೆಲುಗಿನವರು, ಒಬ್ಬಿಬ್ಬರು ಕೊರಿಯಾದವರು, ಇಲ್ಲಿಯವರು ಎಲ್ಲರೂ ಇದ್ದಾರೆ. ಪ್ರತಿ ವರ್ಷ ನವೆಂಬರಿನ ಒಂದು ಶನಿವಾರ ಈ ಮಕ್ಕಳು ನಮ್ಮ ಸುತ್ತಲಿನ ಬೀದಿಗಳಿಗೆ ಹೋಗಿ, ವಯಸ್ಸಾದವರ ಮನೆಯಂಗಳದಲ್ಲಿ ಬಿದ್ದ ತರಗೆಲೆ ಗುಡಿಸಿ ಬರುತ್ತಾರೆ. ಇಷ್ಟೇ ವಿಷಯ. ಆದರೆ ಇದನ್ನು ಗಮ್ಮತ್ತಾಗಿ, ಯಾರಿಗೂ ನೋವಾಗದ ಹಾಗೆ ಮಾಡುವುದಕ್ಕೆ ಸ್ವಲ್ಪ ತಲೆ ಓಡಿಸಬೇಕಾಗುತ್ತದೆ. ಅದನ್ನೇ ಇವತ್ತು ಹೇಳುತ್ತೇನೆ. ಗಮ್ಮತ್ತು ಅಂದರೆ ನಮ್ಮ ಕರಾವಳಿ ಕಡೆಯ ಮಾತು, ಮೋಜು ಅಂತ. ನೀವು ಚರ್ಚಿಗೆ ಹೋಗುವವರಲ್ಲದೆ ಇರಬಹುದು. ದೇವಸ್ಥಾನದ ಭಾನುವಾರದ ಕ್ಲಾಸಿನವರಿರಬಹುದು, ಕನ್ನಡ ಕೂಟದ ಯುವ ಸಮಿತಿಯವರಿರಬಹುದು. ಎಲೆಗೇನೂ ಗೊತ್ತಾಗುವುದಿಲ್ಲ, ಯಾರು ಗುಡಿಸಿದರೂ ಬರುತ್ತದೆ.

ಮೊದಲು ಎರಡು ಹಳೆಯ ಕಥೆ. ಎರಡೂ ಈ ದೇಶದವು, ಎರಡೂ ಚರ್ಚಿನ ಮಕ್ಕಳವು.

1950ರ ಹ್ಯಾಲೋವೀನ್. ಫಿಲಡೆಲ್ಫಿಯಾದಲ್ಲಿ ಮೇರಿ ಎಮ್ಮಾ ಆಲಿಸನ್ ಎಂಬ ಶಿಕ್ಷಕಿ ಮತ್ತು ಅವರ ಗಂಡ, ಪ್ರೆಸ್ಬಿಟೇರಿಯನ್ ಪಾದ್ರಿ ಕ್ಲೈಡ್ ಆಲಿಸನ್, ಒಂದು ಯೋಚನೆ ಮಾಡಿದರು. ಅದಕ್ಕೆ ಮೊದಲು ಮೇರಿ ಎಮ್ಮಾ ಪೇಟೆಯಲ್ಲಿ ಮಕ್ಕಳ ಒಂದು ಮೆರವಣಿಗೆ ನೋಡಿದ್ದರು. ವೇಷ ಹಾಕಿದ ಮಕ್ಕಳು, ಜೊತೆಗೆ ಒಂದು ದನ! ಅದರ ಹಿಂದೆಯೇ ನಡೆದುಕೊಂಡು ಹೋದರೆ ಒಂದು ದೊಡ್ಡ ಅಂಗಡಿಯೊಳಗೆ ಯುನಿಸೆಫ್‌ನವರ ಮೇಜು ಸಿಕ್ಕಿತು. ಕಷ್ಟದಲ್ಲಿರುವ ದೇಶಗಳ ಮಕ್ಕಳಿಗೆ ಹಾಲಿನ ಪುಡಿ ಕಳಿಸಲು ಹಣ ಕೂಡಿಸುತ್ತಿದ್ದರು. ನಮ್ಮ ಮಕ್ಕಳು ಹೇಗೂ ಮನೆಮನೆಗೆ ಹೋಗಿ ಚಾಕೊಲೇಟು ಕೇಳುತ್ತಾರಲ್ಲ, ಜೊತೆಗೆ ಇದಕ್ಕೂ ನಾಲ್ಕು ಕಾಸು ಕೇಳಲಿ ಅಂತ ಆಲಿಸನ್ ದಂಪತಿಗೆ ಹೊಳೆಯಿತು. ಖಾಲಿ ಹಾಲಿನ ಡಬ್ಬಗಳನ್ನು ಸಿಂಗರಿಸಿ ಮಕ್ಕಳ ಕೈಗೆ ಕೊಟ್ಟರು. ಆ ವರ್ಷ ಕೂಡಿದ ಹಣ 17 ಡಾಲರ್. ಕ್ಲೈಡ್ ಚರ್ಚಿನ ಮಕ್ಕಳಿಗಾಗಿ ಪಾಠ ತಯಾರಿಸುವ ಕೆಲಸದಲ್ಲಿದ್ದವರು, ಹಾಗಾಗಿ ಈ ಉಪಾಯ ಬೇರೆ ಊರುಗಳ ಚರ್ಚುಗಳಿಗೂ ಹೋಯಿತು. ಮುಂದೆ ಯುನಿಸೆಫ್‌ನವರೇ ಅದನ್ನು ಎತ್ತಿಕೊಂಡರು. ಆ ಕಿತ್ತಳೆ ಬಣ್ಣದ ಸಣ್ಣ ಪೆಟ್ಟಿಗೆಯನ್ನು ನಿಮ್ಮಲ್ಲಿ ಕೆಲವರಾದರೂ ಹಿಡಿದುಕೊಂಡು ತಿರುಗಿರಬೇಕು.

ಇನ್ನೊಂದು ಸೌತ್ ಕ್ಯಾರೊಲೈನಾದ ಕೊಲಂಬಿಯಾ ಊರಿನದು, 1990ರದು. ಸ್ಪ್ರಿಂಗ್ ವ್ಯಾಲಿ ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ ಬ್ರಾಡ್ ಸ್ಮಿತ್ ಎಂಬ ದೇವಶಾಸ್ತ್ರದ ವಿದ್ಯಾರ್ಥಿ ತರಬೇತಿಗೆ ಬಂದಿದ್ದ. ಸೂಪರ್ ಬೌಲ್ ಆಟದ ಭಾನುವಾರ. ಇಡೀ ದೇಶ ಬೌಲ್ ಬೌಲ್ ಅನ್ನುತ್ತಿದೆ, ಒಂದು ಬೌಲ್ ಸೂಪು ಕೂಡ ಸಿಗದವರ ನೆನಪು ನಮಗಿರಲಿ ಎಂಬ ಅರ್ಥದಲ್ಲಿ ಅವನು ಪ್ರಾರ್ಥನೆಯಲ್ಲಿ ಹೇಳಿದ. ಅಲ್ಲಿನ ಮಕ್ಕಳು ಆ ಮಾತನ್ನು ಹಿಡಿದುಕೊಂಡರು. ಆರಾಧನೆ ಮುಗಿದು ಜನ ಹೊರಗೆ ಬರುವಾಗ ಬಾಗಿಲಲ್ಲಿ ಸೂಪಿನ ಪಾತ್ರೆ ಹಿಡಿದು ನಿಂತು, ತಲೆಗೊಂದು ಡಾಲರ್ ಕೇಳಿದರು. ಆ ಪ್ರದೇಶದ 22 ಚರ್ಚುಗಳ ಮಕ್ಕಳು ಸೇರಿ ಮೊದಲ ವರ್ಷವೇ 5,700 ಡಾಲರ್ ಕೂಡಿಸಿದರು. ನನಗೆ ತುಂಬ ಹಿಡಿಸಿದ್ದು ಅವರ ಒಂದು ಕ್ರಮ. ಕೂಡಿದ ಹಣವನ್ನು ಎಲ್ಲಿಗೋ ಮೇಲಿನ ಕಚೇರಿಗೆ ಕಳಿಸುವುದಲ್ಲ. ಯಾವ ಗುಂಪು ಕೂಡಿಸಿತೋ ಅವರೇ ತಮ್ಮ ಊರಿನ ಯಾವ ಸಂಸ್ಥೆಗೆ ಕೊಡಬೇಕು ಅಂತ ತೀರ್ಮಾನಿಸಿ ನೇರವಾಗಿ ಕೊಡುವುದು.

ಈ ಎರಡರಲ್ಲೂ ಒಂದು ಸಂಗತಿ ನೋಡಿ. ಗಮ್ಮತ್ತನ್ನು ಯಾರೂ ಹೊರಗಿನಿಂದ ತರಲಿಲ್ಲ. ಹ್ಯಾಲೋವೀನ್ ಇತ್ತು, ಸೂಪರ್ ಬೌಲ್ ಇತ್ತು, ಜನ ಆಗಲೇ ಖುಷಿಯಲ್ಲಿದ್ದರು. ಆ ಖುಷಿಗೆ ಕೆಲಸವನ್ನು ಗಂಟು ಹಾಕಿದರು. ನಮ್ಮ ಎಷ್ಟೋ ಸಂಘಗಳಲ್ಲಿ ಇದಕ್ಕೆ ತಿರುಗುಮುರುಗು. ಮೊದಲು ಬೋರು ಹೊಡೆಸುವ ಒಂದು ಕೆಲಸ ಇಡುತ್ತಾರೆ, ಆಮೇಲೆ ಮಕ್ಕಳು ಬರಲಿ ಅಂತ ಪಿಜ್ಜಾ ಆಸೆ ತೋರಿಸುತ್ತಾರೆ. ಮಕ್ಕಳು ಪಿಜ್ಜಾ ಬರುವ ಹೊತ್ತಿಗೆ ಸರಿಯಾಗಿ ಬರುತ್ತಾರೆ.

ನಮ್ಮೂರಲ್ಲಿ ಅಂಥದ್ದು ಇತ್ತೇ ಅಂತ ಕೇಳಿದರೆ, ಇತ್ತು. ಕರಾವಳಿಯ ನಮ್ಮ ಬಾಸೆಲ್ ಮಿಷನ್ ಪರಂಪರೆಯ ಚರ್ಚುಗಳಲ್ಲಿ ಸುಗ್ಗಿಯ ಆರಾಧನೆಯ ದಿನ ಜನ ತೆಂಗಿನಕಾಯಿ, ಬಾಳೆಗೊನೆ, ಕುಂಬಳಕಾಯಿ ತರುತ್ತಿದ್ದರು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಏಲಂ ಅಂದರೆ ಹರಾಜು. ಒಂದು ಹಲಸಿನಹಣ್ಣಿಗೆ ಇಬ್ಬರು ಮಾವಂದಿರು ಹಟಕ್ಕೆ ಬಿದ್ದು ಬೆಲೆ ಏರಿಸುವುದನ್ನು ನೋಡುವುದೇ ಒಂದು ಗೌಜಿ. ಡಿಸೆಂಬರಿನಲ್ಲಿ ಕ್ಯಾರಲ್ ಹಾಡುತ್ತ ರಾತ್ರಿ ಮನೆಮನೆಗೆ ಹೋಗುತ್ತಿದ್ದೆವು. ಕೊಟ್ಟದ್ದು ಡಬ್ಬಿಗೆ, ತಿಂದದ್ದು ಹೊಟ್ಟೆಗೆ. ಇದನ್ನು ‘ಸೇವಾ ಚಟುವಟಿಕೆ’ ಅಂತ ಯಾರೂ ಕರೆಯುತ್ತಿರಲಿಲ್ಲ.

ಸರಿ, ಈಗ ಎಲೆಗೆ ಬರೋಣ.

ಇಲ್ಲಿ ಅಕ್ಟೋಬರ್ ಕೊನೆಯಿಂದ ಮೇಪಲ್, ಓಕ್ ಮರಗಳು ಎಲೆ ಉದುರಿಸುತ್ತವೆ. ನೋಡುವುದಕ್ಕೆ ಚೆನ್ನ. ಆದರೆ ಎಂಬತ್ತು ದಾಟಿದ ಒಬ್ಬರೇ ಇರುವ ಮನೆಯಲ್ಲಿ ಅದು ಬೇರೆಯೇ ಸಮಸ್ಯೆ. ಮಳೆ ಬಿದ್ದ ಮೇಲೆ ಮೆಟ್ಟಿಲ ಮೇಲಿನ ಒದ್ದೆ ಎಲೆ ಪಾಚಿಯಷ್ಟೇ ಜಾರುತ್ತದೆ. ಆ ವಯಸ್ಸಿನಲ್ಲಿ ಬಿದ್ದು ಸೊಂಟ ಮುರಿದರೆ ಮತ್ತೆ ಆ ಮನೆಗೆ ವಾಪಸು ಬರುವುದೇ ಕಷ್ಟವಾಗಬಹುದು. ಇನ್ನು ಬೀದಿಯ ಬದಿಯ ಮೋರಿಯ ಜಾಲರಿಗೆ ಎಲೆ ಕಟ್ಟಿಕೊಂಡರೆ ಮಳೆನೀರು ರಸ್ತೆಯಲ್ಲೇ ನಿಲ್ಲುತ್ತದೆ. ದುಡ್ಡು ಕೊಟ್ಟರೆ ಮಾಡಿಕೊಡುವವರಿದ್ದಾರೆ, ಆದರೆ ಪಿಂಚಣಿಯಲ್ಲಿ ಬದುಕುವವರಿಗೆ ಅದು ಸಣ್ಣ ಖರ್ಚಲ್ಲ. ಮಕ್ಕಳು ಮಾಡಬಹುದಾದ, ಅರ್ಧ ದಿನದಲ್ಲಿ ಮುಗಿಯುವ, ಮುಗಿದದ್ದು ಕಣ್ಣಿಗೆ ಕಾಣುವ ಕೆಲಸ ಇದು. ಕೊನೆಯದು ಮುಖ್ಯ. ಹದಿನೈದು ವರ್ಷದವನಿಗೆ ‘ನೀನು ಮಾಡಿದ್ದರಿಂದ ಮುಂದೊಂದು ದಿನ ಒಳ್ಳೆಯದಾಗುತ್ತದೆ’ ಅಂದರೆ ಆಗುವುದಿಲ್ಲ. ಹತ್ತು ಗಂಟೆಗೆ ಕೆಂಪಾಗಿದ್ದ ಅಂಗಳ ಹನ್ನೊಂದಕ್ಕೆ ಹಸಿರಾಗಬೇಕು.

ಕಷ್ಟದ ಭಾಗ ಗುಡಿಸುವುದಲ್ಲ, ಕೇಳುವುದು. ಯಾರ ಮನೆಗೆ ಹೋಗಬೇಕು? ಊರಿನ ಹಿರಿಯರ ಕೇಂದ್ರದಲ್ಲಿ ಕೇಳಿದೆವು. ಮನೆಗೆ ಊಟ ತಲುಪಿಸುವ ಸ್ವಯಂಸೇವಕರನ್ನು ಕೇಳಿದೆವು, ಅವರಿಗೆ ಯಾರ ಮೆಟ್ಟಿಲು ಹೇಗಿದೆ ಅಂತ ಎಲ್ಲ ಗೊತ್ತು. ಎರಡು ವಾರ ಮೊದಲು ಮೂವರು ಮಕ್ಕಳು, ಒಬ್ಬರು ದೊಡ್ಡವರು ಹೋಗಿ ಬಾಗಿಲು ತಟ್ಟುತ್ತೇವೆ. ಹಗಲು ಹೊತ್ತಿನಲ್ಲೇ, ಎಲ್ಲರೂ ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡು. ಈ ಟೀ ಶರ್ಟಿನ ಮಾತು ಹೇಗೆ ಬಂತು ಹೇಳುತ್ತೇನೆ. ನಮ್ಮ ಗುಂಪಿನ ಒಬ್ಬ ಹುಡುಗನ ತಾಯಿ ಸಭೆಯಲ್ಲಿ ಎದ್ದು ನಿಂತು ಕೇಳಿದರು: “ನನ್ನ ಮಗ ಆರಡಿ ಎತ್ತರ, ಕಪ್ಪು ಬಣ್ಣ, ತಲೆ ಮೇಲೆ ಟೋಪಿ ಎಳೆದುಕೊಂಡಿರುತ್ತಾನೆ. ಸಂಜೆ ಹೊತ್ತು ಗುರುತಿಲ್ಲದ ಮನೆ ಬಾಗಿಲು ತಟ್ಟಿದರೆ ಒಳಗಿದ್ದವರು ಏನಂದುಕೊಳ್ಳುತ್ತಾರೆ?” ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನಮ್ಮ ಮಕ್ಕಳು ಈ ದೇಶದಲ್ಲೇ ಹುಟ್ಟಿದವರು, ಇದೇ ಬೀದಿಯಲ್ಲಿ ಸೈಕಲ್ ಕಲಿತವರು. ಆದರೂ ಒಂದು ಬಾಗಿಲ ಮುಂದೆ ನಿಂತಾಗ ತಾವು ಹೇಗೆ ಕಾಣುತ್ತೇವೆ ಅಂತ ಯೋಚಿಸಬೇಕು. ಇದು ನ್ಯಾಯವಲ್ಲ, ಆದರೆ ಇದೆ. ಹಗಲು ಹೊತ್ತು, ಒಂದೇ ಟೀ ಶರ್ಟು, ಜೊತೆಗೆ ಒಬ್ಬರು ದೊಡ್ಡವರು, ಬಾಗಿಲು ತಟ್ಟಿ ಎರಡು ಹೆಜ್ಜೆ ಹಿಂದೆ ನಿಲ್ಲುವುದು ಅಂತ ಆವತ್ತೇ ತೀರ್ಮಾನವಾಯಿತು. ಆ ಹುಡುಗ ಈಗ ಬಾಗಿಲು ತಟ್ಟುವುದರಲ್ಲಿ ನಮ್ಮ ಗುಂಪಿನ ಎಲ್ಲರಿಗಿಂತ ಜಾಣ. ಅಜ್ಜಿಯಂದಿರಿಗೆ ಅವನೆಂದರೆ ಪ್ರಾಣ.

ಅವನೇ ಮಾಡಿದ ಒಂದು ಕೆಲಸ ಕೇಳಿ. ನಮ್ಮ ಚರ್ಚಿನ ಹಿಂದಿನ ಬೀದಿಯಲ್ಲಿ ಒಬ್ಬ ಹಿರಿಯ ಮಹಿಳೆ ಇದ್ದಾರೆ. ನಿವೃತ್ತ ಟೀಚರು. ಅಂಗಳದ ತುಂಬ ಎಲೆ. ಹೋಗಿ ಕೇಳಿದರೆ, “ನಾನು ಬಡವಳಲ್ಲ, ನನಗೆ ಯಾರ ದಾನವೂ ಬೇಡ” ಅಂದುಬಿಟ್ಟರು. ಜೊತೆಗಿದ್ದ ಹುಡುಗಿಯರು ಸಾರಿ ಹೇಳಿ ಹಿಂತಿರುಗುತ್ತಿದ್ದರು. ಇವನು ನಿಂತೇ ಇದ್ದ. “ದಾನ ಅಲ್ಲ ಮೇಡಂ, ನಮ್ಮ ಚರ್ಚಿನ ಹಿಂದೆ ತರಕಾರಿ ಪಾತಿ ಮಾಡಿದ್ದೇವೆ, ಗೊಬ್ಬರಕ್ಕೆ ಎಲೆ ಬೇಕು. ನಿಮ್ಮ ಓಕ್ ಮರದ ಎಲೆ ಕೊಡುತ್ತೀರಾ?” ಅಂದ. ಪಾತಿ ಇದ್ದದ್ದು ನಿಜ, ಗೊಬ್ಬರ ಬೇಕಿದ್ದದ್ದೂ ನಿಜ. ಆಕೆ ಸ್ವಲ್ಪ ಹೊತ್ತು ನೋಡಿ, ಓಕ್ ಎಲೆ ಬೇಗ ಕೊಳೆಯುವುದಿಲ್ಲ, ಚೂರು ಮಾಡಿ ಹಾಕಬೇಕು ಅಂತ ಪಾಠವನ್ನೇ ಶುರು ಮಾಡಿದರು. ಆವತ್ತು ಎಲೆ ತೆಗೆದುಕೊಂಡದ್ದು ನಾವು, ಕೊಟ್ಟದ್ದು ಅವರು. ಈಗ ಪ್ರತಿ ಮೇ ತಿಂಗಳು ನಮ್ಮ ಪಾತಿ ನೋಡಲು ಬಂದು ತಪ್ಪು ಹುಡುಕುತ್ತಾರೆ.

ನಮ್ಮ ಹಳ್ಳಿಗಳಲ್ಲಿ ಇದಕ್ಕೊಂದು ಪದ ಇದೆ, ಮುಯ್ಯಾಳು. ಇವತ್ತು ನಾನು ನಿಮ್ಮ ಗದ್ದೆ ನಾಟಿಗೆ ಬರುತ್ತೇನೆ, ನಾಳೆ ನೀವು ನನ್ನ ಗದ್ದೆಗೆ ಬರಬೇಕು. ಕೂಲಿ ಇಲ್ಲ, ಲೆಕ್ಕ ಮಾತ್ರ ಇದೆ. ಮುಯ್ಯಿಗೆ ಹೋದವನು ಯಾರಿಗೂ ಉಪಕಾರ ಮಾಡಿದೆ ಅಂದುಕೊಳ್ಳುವುದಿಲ್ಲ, ಬಂದವನನ್ನು ಕರೆಸಿಕೊಂಡವನಿಗೆ ನಾಚಿಕೆಯೂ ಇಲ್ಲ. ಇಂಗ್ಲಿಷಿನಲ್ಲಿ ಸರ್ವಿಸ್ ಅಂದ ಕೂಡಲೇ ಒಬ್ಬರು ಮೇಲೆ, ಒಬ್ಬರು ಕೆಳಗೆ ಆಗಿಬಿಡುತ್ತಾರೆ. ಮುಯ್ಯಿಯಲ್ಲಿ ಹಾಗಿಲ್ಲ. ನಮ್ಮ ಮಕ್ಕಳಿಗೆ ಈ ಪದ ಎಷ್ಟು ಹಿಡಿಸಿತೆಂದರೆ ಟೀ ಶರ್ಟಿನ ಹಿಂದೆ ಕನ್ನಡ ಅಕ್ಷರದಲ್ಲಿ ‘ಮುಯ್ಯಾಳು’ ಅಂತ ಬರೆಸಿದ್ದಾರೆ. ಕೊರಿಯಾದ ಹುಡುಗಿಯೊಬ್ಬಳು ಯ ಒತ್ತಕ್ಷರ ಬರೆಯುವುದನ್ನು ನನ್ನ ಮಗನಿಗಿಂತ ಚೆನ್ನಾಗಿ ಕಲಿತಿದ್ದಾಳೆ.

ಹಾಗೆ ಮೊದಲು ಹೋದಾಗಲೇ ಏನೇನು ಮಾಡಬೇಕು ಅಂತ ಕೇಳಿಕೊಳ್ಳಬೇಕು. ಮುಂದಿನ ಅಂಗಳ ಮಾತ್ರವೋ, ಹಿಂದಿನದೂ ಸೇರಿಯೋ? ನಾಯಿ ಇದೆಯೇ? ಎಲೆ ಎಲ್ಲಿ ಇಡಬೇಕು? ಕೆಲವು ಊರುಗಳಲ್ಲಿ ಕಾಗದದ ದೊಡ್ಡ ಚೀಲದಲ್ಲಿ ತುಂಬಿ ಇಡಬೇಕು, ಕೆಲವು ಕಡೆ ಬೀದಿ ಬದಿಯಲ್ಲಿ ರಾಶಿ ಹಾಕಿದರೆ ಊರಿನವರ ಲಾರಿ ಬಂದು ಎತ್ತಿಕೊಂಡು ಹೋಗುತ್ತದೆ. ಅದಕ್ಕೂ ದಿನ ಗೊತ್ತುಮಾಡಿರುತ್ತಾರೆ. ನಿಮ್ಮ ಊರಿನ ಕ್ರಮ ತಿಳಿದುಕೊಂಡೇ ಹೊರಡಿ.

ಹೋದ ವರ್ಷಕ್ಕೆ ಹಿಂದಿನ ವರ್ಷ ನಮ್ಮಲ್ಲಿ ಒಂದು ದೊಡ್ಡ ಚರ್ಚೆಯಾಯಿತು. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ತಾನು ಬರುವುದಿಲ್ಲ ಅಂದಳು. ಸೋಮಾರಿತನಕ್ಕಲ್ಲ. “ಆಂಟಿ, ಮಿಂಚುಹುಳದ ಮರಿಗಳು ಚಳಿಗಾಲದಲ್ಲಿ ಎಲೆಯಡಿಯ ಮಣ್ಣಿನಲ್ಲೇ ಇರುತ್ತವೆ. ಕೆಲವು ಪತಂಗಗಳ ಗೂಡು ಎಲೆಯ ಜೊತೆಗೇ ಕೆಳಗೆ ಬೀಳುತ್ತದೆ. ಬಂಬಲ್ ಬೀ ರಾಣಿಗಳು ಅಲ್ಲೇ ಕೆಳಗೆ ಮಲಗಿರುತ್ತವೆ. ನಾವು ಎಲ್ಲವನ್ನೂ ಚೀಲದಲ್ಲಿ ತುಂಬಿ ಎಸೆದು ಬಂದು ಅದನ್ನು ಒಳ್ಳೆಯ ಕೆಲಸ ಅಂತೀವಿ” ಅಂದಳು. ಅವಳು ಹೇಳಿದ್ದು ನಿಜ. ಇಲ್ಲಿನ ಕೀಟ ಸಂರಕ್ಷಣೆಯವರೂ ಎಲೆಯನ್ನು ಬಿಡಿ ಅಂತಲೇ ಹೇಳುತ್ತಾರೆ. ಕೆಲವರು “ಇದೆಲ್ಲ ತಲೆಹರಟೆ, ಸುಮ್ಮನೆ ಬಾ” ಅಂದರು. ನನಗೆ ಅದು ತಲೆಹರಟೆ ಅನಿಸಲಿಲ್ಲ. ಸೃಷ್ಟಿಯ ಬಗ್ಗೆ ಭಾನುವಾರ ಹಾಡುವುದೇ ನಿಜವಾದರೆ ಶನಿವಾರ ಹುಳುವಿನ ಮಾತು ಕೇಳಲೇಬೇಕಲ್ಲ.

ಒಂದು ಗಂಟೆ ವಾದ ನಡೆದು ಮಕ್ಕಳೇ ದಾರಿ ಕಂಡುಕೊಂಡರು. ಮನುಷ್ಯರು ಜಾರುವ ಕಡೆ, ಅಂದರೆ ಮೆಟ್ಟಿಲು, ಕಾಲುದಾರಿ, ಕಾರು ನಿಲ್ಲುವ ಜಾಗ, ಮೋರಿಯ ಬಾಯಿ, ಇಷ್ಟನ್ನು ಪೂರ್ತಿ ಸ್ವಚ್ಛ ಮಾಡುವುದು. ಹುಲ್ಲಿನ ಮೇಲಿನದನ್ನು ಎಳೆದು ಮರದ ಬುಡಕ್ಕೂ ಹೂವಿನ ಪಾತಿಗೂ ಹಾಕುವುದು. ಮನೆಯವರು ಒಪ್ಪಿದರೆ ಮಾತ್ರ. ಉಳಿದದ್ದಷ್ಟೇ ಚೀಲಕ್ಕೆ. ಇದರಿಂದ ಇನ್ನೊಂದು ಲಾಭವಾಯಿತು. ಮೊದಲು ಒಂದು ಅಂಗಳಕ್ಕೆ ಹದಿನೈದು ಇಪ್ಪತ್ತು ಚೀಲ ಬೇಕಾಗುತ್ತಿತ್ತು, ಈಗ ನಾಲ್ಕೈದು ಸಾಕು. ಆ ಹುಡುಗಿಯೇ ಈಗ ಬಾಗಿಲಲ್ಲಿ ನಿಂತು ಮಿಂಚುಹುಳದ ಕಥೆ ಹೇಳಿ ಮನೆಯವರನ್ನು ಒಪ್ಪಿಸುವವಳು. ಒಪ್ಪದವರೂ ಇದ್ದಾರೆ, ಅವರಿಗೆ ಹುಲ್ಲು ಕನ್ನಡಿಯ ಹಾಗೆ ಇರಬೇಕು. ಅವರ ಅಂಗಳ, ಅವರ ಇಷ್ಟ.

ಹೀಗೆ ಮಾತಾಡುವಾಗ ಶಿವಮೊಗ್ಗದಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಅಜ್ಜಿ ಅಲ್ಲಿ ಕೂತಿದ್ದರು. ಅವರಿಗೆ ಇಡೀ ಚರ್ಚೆಯೇ ತಮಾಷೆ. “ಇಷ್ಟು ಒಳ್ಳೆ ದರಗು, ಇದನ್ನ ಚೀಲಕ್ಕೆ ತುಂಬಿ ಬೀದಿಗೆ ಇಡ್ತಾರಾ? ನಮ್ಮಲ್ಲಿ ಇದಕ್ಕೆ ಬೆಟ್ಟ ಹತ್ತುತ್ತಿದ್ದೆವು” ಅಂದರು. ದರಗು ಅಂದರೆ ಒಣಗಿ ಬಿದ್ದ ಎಲೆ. ಮಲೆನಾಡಿನಲ್ಲಿ ಅದನ್ನು ಕೊಟ್ಟಿಗೆಗೆ ಹಾಸುತ್ತಾರೆ, ದನದ ಕಾಲಡಿ ತುಳಿದು ಸಗಣಿ ಸೇರಿ ಗೊಬ್ಬರವಾಗುತ್ತದೆ, ಅದು ಅಡಿಕೆ ತೋಟಕ್ಕೆ ಹೋಗುತ್ತದೆ. ಅಜ್ಜಿ ಶನಿವಾರ ಸೀರೆಯ ಮೇಲೆ ಜಾಕೆಟ್ಟು ಹಾಕಿಕೊಂಡು ಬಂದೇ ಬಂದರು. ನಮ್ಮ ಮಕ್ಕಳು ಎಲೆಯನ್ನು ಮುಷ್ಟಿ ಮುಷ್ಟಿಯಾಗಿ ಚೀಲಕ್ಕೆ ತುಂಬುವುದನ್ನು ನೋಡಲಾರದೆ, ಒಂದು ಟಾರ್ಪಾಲು ಹಾಸಿಸಿ, ಎಲ್ಲವನ್ನೂ ಅದರ ಮೇಲೆ ಎಳೆಸಿ, ನಾಲ್ಕು ಮೂಲೆ ಹಿಡಿದು ಹೊರುವುದನ್ನು ತೋರಿಸಿದರು. ಕೆಲಸ ಅರ್ಧ ಹೊತ್ತಿಗೆ ಇಳಿಯಿತು. ಇಂಗ್ಲಿಷ್ ಬಾರದ ಅಜ್ಜಿ, ಕನ್ನಡ ಬಾರದ ಮಕ್ಕಳು, ನಡುವೆ ಒಂದು ನೀಲಿ ಟಾರ್ಪಾಲು. ನೀವು ಈ ಕೆಲಸ ಮಾಡುವುದಾದರೆ ರೇಕ್ ಕಡಿಮೆಯಾದರೂ ಪರವಾಗಿಲ್ಲ, ತಂಡಕ್ಕೆ ಎರಡು ಟಾರ್ಪಾಲು ಇರಲಿ.

ಈಗ ಸ್ವಲ್ಪ ಸೂಕ್ಷ್ಮದ ಮಾತು. ಗುಡಿಸಿ ಮುಗಿದ ಮೇಲೆ ಒಂದು ಕಾರ್ಡು ಬಿಟ್ಟು ಬರುವುದು ಅಂತ ಇತ್ತು. ಅದರಲ್ಲಿ ಏನು ಬರೆಯಬೇಕು? ನಮ್ಮ ಹಿರಿಯರಲ್ಲಿ ಒಬ್ಬರು, ಆರಾಧನೆಯ ಸಮಯ ಹಾಕಿ, ಒಂದು ವಾಕ್ಯ ಹಾಕಿ, ಬನ್ನಿ ಅಂತ ಕರೆಯಿರಿ, ನಾವು ಯಾರೆಂದು ಹೇಳಿಕೊಳ್ಳುವುದಕ್ಕೆ ನಾಚಿಕೆ ಯಾಕೆ ಅಂದರು. ಅವರ ಮಾತಿನಲ್ಲೂ ಹುರುಳಿದೆ. ಆದರೆ ಮಕ್ಕಳು ಒಪ್ಪಲಿಲ್ಲ. ಒಬ್ಬ ಹುಡುಗ ಹೇಳಿದ, “ನನ್ನ ಸ್ಕೂಲಿನ ಗೆಳೆಯನ ಮನೆ ಅದೇ ಬೀದಿಯಲ್ಲಿದೆ. ಅವರು ಹಿಂದೂಗಳು, ಅದೂ ಕನ್ನಡದವರು. ಅವನ ಅಪ್ಪ ಆ ಕಾರ್ಡು ನೋಡಿದರೆ ನಾವು ಎಲೆಗೆ ಬಂದದ್ದಲ್ಲ ಅಂದುಕೊಳ್ಳುತ್ತಾರೆ.” ನಿಜವಾಗಿಯೂ ಹಾಗೇ ಆಯಿತು. ಆ ಬೀದಿಗೆ ಹೋದಾಗ ಅವರು ಹೊರಗೆ ಬಂದು ನನ್ನನ್ನು ನೇರವಾಗಿ ಕನ್ನಡದಲ್ಲೇ ಕೇಳಿದರು: “ಏನಮ್ಮಾ, ಎಲೆ ಗುಡಿಸೋದು ಮಾತ್ರವೋ, ಆಮೇಲೆ ಇನ್ನೇನಾದರೂ ಇದೆಯೋ?” ಕೇಳಿದ್ದು ತಪ್ಪೇನಲ್ಲ. ಮನಸ್ಸಿನಲ್ಲಿಟ್ಟುಕೊಂಡು ಬಾಗಿಲು ಹಾಕಿಕೊಳ್ಳುವುದಕ್ಕಿಂತ ಕೇಳಿದ್ದೇ ಒಳ್ಳೆಯದಾಯಿತು. “ಗುಡಿಸೋದು ಮಾತ್ರ ಅಣ್ಣ, ಬೇಕಾದರೆ ಕಾರ್ಡು ನೋಡಿ” ಅಂತ ಕೊಟ್ಟೆ.

ಆ ಕಾರ್ಡಿನಲ್ಲಿ ಇದ್ದದ್ದು ಇಷ್ಟು. ಆ ತಂಡದ ಮಕ್ಕಳ ಬರೀ ಮೊದಲ ಹೆಸರುಗಳು, ಅವರವರ ಕೈಬರಹದಲ್ಲಿ. ಚರ್ಚಿನ ಹೆಸರು, ಯಾರು ಬಂದಿದ್ದರು ಅಂತ ತಿಳಿಯಬೇಕಲ್ಲ. ಚಳಿಗಾಲದಲ್ಲಿ ಮೆಟ್ಟಿಲ ಮೇಲಿನ ಹಿಮ ತೆಗೆಯಲು ಬೇಕಾದರೆ ಕರೆಯಲು ದೊಡ್ಡವರೊಬ್ಬರ ಫೋನ್ ನಂಬರು. ಆರಾಧನೆಯ ಸಮಯ ಇರಲಿಲ್ಲ, ವಾಕ್ಯ ಇರಲಿಲ್ಲ. ಆ ಅಣ್ಣ ಓದಿ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಅವರ ಮಗ ತನ್ನ ಮನೆಯ ರೇಕ್ ಹಿಡಿದು ನಮ್ಮ ತಂಡದಲ್ಲಿದ್ದ. ಚರ್ಚಿಗೆ ಅವನು ಇವತ್ತಿನವರೆಗೂ ಬಂದಿಲ್ಲ, ನಾವು ಕರೆದೂ ಇಲ್ಲ. ಎಲೆಗೆ ಮಾತ್ರ ಪ್ರತಿ ವರ್ಷ ಬರುತ್ತಾನೆ. ನಮ್ಮ ಆ ಹಿರಿಯರಿಗೆ ಇದು ಇನ್ನೂ ಪೂರ್ತಿ ಸಮಾಧಾನವಿಲ್ಲ. ಆದರೆ ಅವರೇ ಪ್ರತಿ ವರ್ಷ ಎಲ್ಲರಿಗಿಂತ ಮೊದಲು ಬಂದು ರೇಕ್‌ಗಳ ಹಿಡಿ ಗಟ್ಟಿಯಿದೆಯೋ ಅಂತ ನೋಡುತ್ತಾರೆ.

ಅಂದಹಾಗೆ ಒಂದು ಕಾನೂನಿನ ವಿಷಯ. ಕಾರ್ಡನ್ನು ಯಾರ ಅಂಚೆಪೆಟ್ಟಿಗೆಯೊಳಗೂ ಹಾಕಬೇಡಿ. ಈ ದೇಶದಲ್ಲಿ ಅದರೊಳಗೆ ಅಂಚೆಚೀಟಿ ಇಲ್ಲದ ಕಾಗದ ಹಾಕುವುದಕ್ಕೆ ಬೇರೆಯವರಿಗೆ ಅವಕಾಶವಿಲ್ಲ. ಕೈಗೆ ಕೊಡಿ, ಇಲ್ಲದಿದ್ದರೆ ಬಾಗಿಲ ಹಿಡಿಗೆ ಸಿಕ್ಕಿಸಿ.

ಸುರಕ್ಷತೆಯ ಮಾತು ಬೇಗ ಹೇಳಿ ಮುಗಿಸುತ್ತೇನೆ, ಇದು ಅಪ್ಪ ಅಮ್ಮಂದಿರಿಗೆ. ಮನೆಯವರ ಸಹಿ ಇಲ್ಲದೆ ಯಾವ ಮಗುವೂ ಹೊರಡಬಾರದು. ತಂಡಕ್ಕೆ ಆರು ಮಕ್ಕಳು, ಇಬ್ಬರು ದೊಡ್ಡವರು, ಆ ಇಬ್ಬರದೂ ಹಿನ್ನೆಲೆ ವಿಚಾರಣೆ ಆಗಿರಬೇಕು. ಮನೆಯ ಒಳಗೆ ಯಾರೂ ಒಬ್ಬರೇ ಹೋಗುವುದಿಲ್ಲ, ನೀರು ಕುಡಿಯಲು ಕೂಡ. ಏಣಿ ಹತ್ತುವುದಿಲ್ಲ, ಮನೆಯವರು ಎಷ್ಟೇ ಕೇಳಿದರೂ ಸೂರಿನ ನೀರುದಾರಿ ಶುಚಿ ಮಾಡುವುದಿಲ್ಲ. ಉದ್ದ ಪ್ಯಾಂಟು, ಅದರ ಮೇಲೆ ಎಳೆದ ಸಾಕ್ಸು, ಕೈಗವಸು. ನಮ್ಮ ಈ ಕಡೆ ಎಲೆಯ ರಾಶಿಯಲ್ಲಿ ಟಿಕ್ ಅಂದರೆ ಉಣ್ಣೆ ಇರುತ್ತದೆ, ಅದರಿಂದ ಲೈಮ್ ಕಾಯಿಲೆ ಬರಬಹುದು. ಮನೆಗೆ ಹೋದ ಕೂಡಲೇ ಸ್ನಾನ, ಮೊಣಕಾಲ ಹಿಂದೆ, ಕಂಕುಳು, ಕೂದಲ ಬುಡ ಎಲ್ಲ ನೋಡಿಕೊಳ್ಳುವುದು. ಬೇಲಿಯ ಹತ್ತಿರ ಮೂರೆಲೆಯ ಬಳ್ಳಿ ಕಂಡರೆ ಮುಟ್ಟಬೇಡಿ, ಪಾಯ್ಸನ್ ಐವಿ ಒಣಗಿದರೂ ತುರಿಕೆ ಬರಿಸುತ್ತದೆ.

ಇನ್ನು ಗಮ್ಮತ್ತು. ಮೊದಲು ಯಾವ ತಂಡ ಹೆಚ್ಚು ಚೀಲ ತುಂಬಿತು ಅಂತ ಸ್ಪರ್ಧೆ ಇಡುತ್ತಿದ್ದರು. ಅದು ಬೇಡ ಅಂತ ನಾನು ಹೇಳುತ್ತೇನೆ. ಸ್ಪರ್ಧೆ ಇದ್ದರೆ ಮಕ್ಕಳು ಓಡುತ್ತಾರೆ, ಅಜ್ಜ ಹೊರಗೆ ಬಂದು ಮಾತಾಡಿಸಿದರೆ ‘ಟೈಮಿಲ್ಲ’ ಅನ್ನುತ್ತಾರೆ. ಆ ಅಜ್ಜನಿಗೆ ಎಲೆ ಹೋದದ್ದಕ್ಕಿಂತ ಆ ಹತ್ತು ನಿಮಿಷದ ಮಾತೇ ಬೇಕಾಗಿರುತ್ತದೆ. ಈಗ ನಮ್ಮಲ್ಲಿ ಬಹುಮಾನ ಬೇರೆಯದಕ್ಕೆ. ಎಲೆಯ ರಾಶಿಯಲ್ಲಿ ಸಿಕ್ಕಿದ ಅತಿ ವಿಚಿತ್ರ ವಸ್ತು ಯಾವುದು? ಮನೆಯವರಿಗೆ ತೋರಿಸಿ, ಅವರದಲ್ಲದಿದ್ದರೆ ಮಾತ್ರ ಸ್ಪರ್ಧೆಗೆ. ಟೆನಿಸ್ ಚೆಂಡು, ಒಂಟಿ ಕೈಗವಸು, ನಾಯಿಯ ಆಟಿಕೆ ಪ್ರತಿ ವರ್ಷ ಇದ್ದದ್ದೇ. ಒಮ್ಮೆ ಹಲ್ಲಿನ ಸೆಟ್ಟು ಸಿಕ್ಕಿ ದೊಡ್ಡ ಗಲಾಟೆಯಾಯಿತು, ಆಮೇಲೆ ನೋಡಿದರೆ ಹ್ಯಾಲೋವೀನ್ ಪ್ಲಾಸ್ಟಿಕ್ಕು. ಇನ್ನೊಂದು ಬಹುಮಾನ, ಮನೆಯವರಿಂದ ಅತಿ ಒಳ್ಳೆಯ ಕಥೆ ಕೇಳಿಕೊಂಡು ಬಂದ ತಂಡಕ್ಕೆ. ಊಟದ ಹೊತ್ತಿಗೆ ಎಲ್ಲರ ಮುಂದೆ ಹೇಳಬೇಕು. ಈ ಬೀದಿಗಳಲ್ಲಿ ಯಾರ್ಯಾರು ಯಾವ ಯುದ್ಧಕ್ಕೆ ಹೋಗಿದ್ದರು, ಎಲ್ಲಿ ಹಾಲಿನ ಡೈರಿ ಇತ್ತು ಎಂಬುದನ್ನೆಲ್ಲ ನಮ್ಮ ಮಕ್ಕಳು ಹೀಗೆ ತಿಳಿದುಕೊಂಡರು.

ಎಲೆ ರಾಶಿಗೆ ಹಾರುವುದು? ಹಾರಲಿ. ಮೊದಲು ರೇಕ್ ಆಡಿಸಿ ಕಡ್ಡಿ ಕಲ್ಲು ಇದೆಯೋ ನೋಡಿ, ಮನೆಯವರನ್ನು ಕೇಳಿ, ಆಮೇಲೆ. ಒಂದು ಮನೆಯ ಅಜ್ಜ ಕಿಟಕಿಯಿಂದ ಕೈಬೀಸಿ, ಇನ್ನೊಂದು ಸಲ ಹಾರಿ ಅಂತ ಹೇಳಿಸಿದರು. ಫೋಟೋ ವಿಷಯದಲ್ಲಿ ನಿಯಮ ಬಿಗಿ. ನಿಮ್ಮ ನಿಮ್ಮ ಫೋಟೋ ಎಷ್ಟಾದರೂ ತೆಗೆದುಕೊಳ್ಳಿ, ಮನೆಯವರದು, ಮನೆಯ ನಂಬರಿನದು ಬೇಡ. ಇಲ್ಲಿ ಒಬ್ಬ ಮುದುಕಿ ಒಂಟಿಯಾಗಿದ್ದಾಳೆ ಅಂತ ಇಡೀ ಜಗತ್ತಿಗೆ ಹೇಳುವ ಅಗತ್ಯವಿಲ್ಲ.

ಸ್ಕೂಲಿನ ಸೇವಾ ಗಂಟೆಯ ಫಾರಂ ತಂದರೆ ಸಹಿ ಹಾಕಿ ಕೊಡುತ್ತೇವೆ. ಅದಕ್ಕೇ ಬಂದವರನ್ನು ಕೆಲವರು ಕೀಳಾಗಿ ನೋಡುತ್ತಾರೆ, ನನಗೆ ಅದು ಇಷ್ಟವಿಲ್ಲ. ಗಂಟೆಗಾಗಿ ಬಂದವರೂ ಅದೇ ಎಲೆಯನ್ನೇ ಗುಡಿಸುತ್ತಾರೆ. ಮೂರು ಗಂಟೆ ಮಾಡಿದರೆ ಮೂರೇ ಬರೆಯುತ್ತೇವೆ, ಐದು ಬರೆಯುವುದಿಲ್ಲ, ಅಷ್ಟೇ.

ಬೆಳಿಗ್ಗೆ ಒಂಬತ್ತೂವರೆಗೆ ಸೇರಿದರೆ ಒಂದು ಗಂಟೆಗೆ ಎಲ್ಲ ಮುಗಿಯಬೇಕು. ತಂಡಕ್ಕೆ ಎರಡು ಅಂಗಳ, ಹೆಚ್ಚೆಂದರೆ ಮೂರು. ಇನ್ನೂ ಮಾಡೋಣ ಅನ್ನಿಸುವಾಗಲೇ ನಿಲ್ಲಿಸಿದರೆ ಮುಂದಿನ ವರ್ಷ ಮಕ್ಕಳು ತಾವಾಗಿಯೇ ಬರುತ್ತಾರೆ. ಹಿಂದಿನ ದಿನ ಮಳೆ ಬಂದರೆ ಒಂದು ವಾರ ಮುಂದೂಡಿ. ಒದ್ದೆ ಎಲೆ ತುಂಬಿದ ಚೀಲ ಎತ್ತುವುದಕ್ಕೂ ಆಗುವುದಿಲ್ಲ, ಕಾಗದದ ತಳ ಕಿತ್ತೂ ಬರುತ್ತದೆ. ಅದಕ್ಕೇ ಮನೆಯವರಿಗೆ ಎರಡು ದಿನಾಂಕ ಹೇಳಿರಬೇಕು.

ಊಟಕ್ಕೆ ಏನು ಅಂತ ಈ ರೇಡಿಯೋದವರು ಮೊದಲೇ ಕೇಳಿದ್ದರು. ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆಬಾತು, ಇನ್ನೊಂದರಲ್ಲಿ ಚಿಲ್ಲಿ, ಅಂದರೆ ಹುರುಳಿಕಾಳಿನಂಥ ಕಾಳಿನ ಅಮೆರಿಕದ ಸಾರು. ಜೊತೆಗೆ ಬಿಸಿ ಸೇಬಿನ ರಸ. ಬಿಸಿಬೇಳೆಬಾತಿಗೆ ಗೋಡಂಬಿ ಹಾಕುವುದಿಲ್ಲ, ಇಬ್ಬರು ಮಕ್ಕಳಿಗೆ ಅಲರ್ಜಿ ಇದೆ. ಎಲೆ ಗುಡಿಸಿಕೊಂಡ ಮನೆಯವರನ್ನೂ ಊಟಕ್ಕೆ ಕರೆಯುತ್ತೇವೆ. ಎಲ್ಲರೂ ಬರುವುದಿಲ್ಲ. ಬಂದವರಲ್ಲಿ ಆ ನಿವೃತ್ತ ಟೀಚರು ಬಿಸಿಬೇಳೆಬಾತನ್ನು ಎರಡು ಸಲ ಹಾಕಿಸಿಕೊಂಡು, ಖಾರ ಕಡಿಮೆಯಾಯಿತು ಅಂದರು.

ಒಂದು ಮಾತು ಬಿಟ್ಟುಹೋಯಿತು. ರೇಕ್‌ಗಳನ್ನು ಕೊಳ್ಳಲು ಹೋಗಬೇಡಿ, ಮನೆಮನೆಯಿಂದ ಎರವಲು ತನ್ನಿ, ಹಿಡಿಗೆ ಟೇಪು ಸುತ್ತಿ ಹೆಸರು ಬರೆಯಿರಿ. ಸಂಜೆ ಹಿಂತಿರುಗಿಸುವ ಕೆಲಸಕ್ಕೆ ಇಬ್ಬರನ್ನು ಮೊದಲೇ ಗೊತ್ತು ಮಾಡಿಡಿ. ನಮ್ಮ ಚರ್ಚಿನ ಗ್ಯಾರೇಜಿನಲ್ಲಿ ಹೆಸರಿಲ್ಲದ ಮೂರು ರೇಕ್ ಇನ್ನೂ ನಿಂತಿವೆ. ಕೇಳುತ್ತಿರುವವರಲ್ಲಿ ಯಾರದಾದರೂ ಇದ್ದರೆ ಬಂದು ತೆಗೆದುಕೊಂಡು ಹೋಗಿ.